ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಕುಂಡ ತೋಟಗಾರಿಕೆ

ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಕುಂಡ ತೋಟಗಾರಿಕೆ ಎಂದರೆ ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಒಣ ಹವಾಮಾನಕ್ಕೆ ಹೊಂದುವಂತೆ ಮನೆಯಂಗಳ, ಜಗಲಿ ಹಾಗೂ ಮಾಳಿಗೆಗಳಲ್ಲಿ ಕುಂಡ, ಡಬ್ಬಿ, ಬಾನಿ ಮೊದಲಾದ ಪಾತ್ರೆಗಳಲ್ಲಿ ಅಲಂಕಾರಿಕ ಗಿಡಗಳನ್ನು ಬೆಳೆಸುವ ಪದ್ಧತಿ. ವರ್ಷದ ಎಲ್ಲ ಕಾಲಗಳಲ್ಲಿಯೂ ಹೂವು ಅಥವಾ ಹಸಿರು ಕಾಣುವಂತೆ ಗಿಡಗಳನ್ನು ಜೋಡಿಸುವುದು ಇದರ ಉದ್ದೇಶ. ಮಲೆನಾಡಿನಲ್ಲಿ ಕುಂಡಗಳ ಜೋಡಣೆಯನ್ನು ಹೂವಿನ ಬಣ್ಣ ಮತ್ತು ಆಕಾರಗಳಿಂದ ಆರಂಭಿಸಬಹುದು. ಕಡಿಮೆ ಮಳೆ, ಉಪ್ಪಿನಂಶವುಳ್ಳ ಕೊಳವೆಬಾವಿ ನೀರು ಮತ್ತು ಬಲವಾದ ಗಾಳಿ ಇರುವ ಈ ಸೀಮೆಯಲ್ಲಿ ಅದು ನೀರಿನ ಲೆಕ್ಕದಿಂದ ಆರಂಭವಾಗುತ್ತದೆ.

ಹಿನ್ನೆಲೆ

ಮನೆಯ ಮುಂದಿನ ಅಥವಾ ಹಿತ್ತಿಲಿನ ತುಳಸಿ ಕಟ್ಟೆಯು ಕನ್ನಡ ನಾಡಿನ ಕುಂಡ ತೋಟಗಾರಿಕೆಯ ಅತ್ಯಂತ ಪರಿಚಿತ ರೂಪ. ಮಣ್ಣಿನ ಪಾತ್ರೆಗಳ ತಯಾರಿಕೆ ಈ ಸೀಮೆಯಲ್ಲಿ ಬಹಳ ಹಳೆಯದು. ಅಶೋಕನ ಶಾಸನಗಳಿಂದ ಪ್ರಸಿದ್ಧವಾದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಕಪ್ಪು–ಕೆಂಪು ಮಡಕೆಗಳು ದೊರೆತಿವೆ.

ಶೇಂಗಾ ಬೆಳೆ ಮತ್ತು ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆ ‘ಎಣ್ಣೆ ನಗರ’ ಎಂದು ಹೆಸರಾಗಿದೆ. ಖಾಲಿಯಾದ ಎಣ್ಣೆ ಡಬ್ಬಿ, ಶೇಂಗಾ ಸಿಪ್ಪೆ ಮತ್ತು ಹಿಂಡಿ ಈ ಉದ್ಯಮದ ಉಪವಸ್ತುಗಳು. ಎರಡೂ ತಾಲ್ಲೂಕುಗಳಲ್ಲಿ ಕುರಿ ಸಾಕಣೆ ವ್ಯಾಪಕವಾಗಿರುವುದರಿಂದ ಕುರಿ ಗೊಬ್ಬರವೂ ದೊರೆಯುತ್ತದೆ. ಹೀಗೆ ಕುಂಡ ತೋಟಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಹೆಚ್ಚಿನವು ಸ್ಥಳೀಯವಾಗಿಯೇ ಸಿಗುತ್ತವೆ. ಕೊರತೆ ಇರುವುದು ನೀರಿಗೆ ಮಾತ್ರ.

ಹವಾಮಾನ

ಎರಡೂ ತಾಲ್ಲೂಕುಗಳು ಕರ್ನಾಟಕದ ಮಧ್ಯ ಒಣವಲಯಕ್ಕೆ ಸೇರಿವೆ. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವುದರಿಂದ ಇಲ್ಲಿನ ವಾರ್ಷಿಕ ಸರಾಸರಿ ಮಳೆ ಸುಮಾರು 450ರಿಂದ 550 ಮಿ.ಮೀ. ಮಾತ್ರ. ಚಳ್ಳಕೆರೆಯು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಮತ್ತು ಗಾಳಿ ಹೆಚ್ಚು, ಮಳೆ ಕಡಿಮೆ. ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಉತ್ತರೆ, ಹಸ್ತ ಮತ್ತು ಚಿತ್ತೆ ಮಳೆಗಳ ಕಾಲದಲ್ಲಿ. ಏಪ್ರಿಲ್–ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 38ರಿಂದ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ.

ಬಿಸಿಲಿನ ದಿಕ್ಕು

ಚಳ್ಳಕೆರೆ ಸುಮಾರು 14.3 ಡಿಗ್ರಿ, ಮೊಳಕಾಲ್ಮೂರು ಸುಮಾರು 14.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದ್ದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ನೆರಳಿನಲ್ಲಿರುವ ಉತ್ತರ ದಿಕ್ಕಿನ ಜಗಲಿಗೆ ಮೇ–ಜೂನ್ ತಿಂಗಳುಗಳಲ್ಲಿ ಬಿಸಿಲು ಬೀಳುವುದು ಇದೇ ಕಾರಣದಿಂದ. ಚಳಿಗಾಲದ ಹೂಗಿಡಗಳನ್ನು ಮನೆಯ ದಕ್ಷಿಣ ಅಥವಾ ಪೂರ್ವ ಬದಿಯಲ್ಲಿಯೂ, ಬೇಸಿಗೆಯಲ್ಲಿ ನೆರಳು ಬಯಸುವ ಗಿಡಗಳನ್ನು ಪೂರ್ವ ಬದಿಯಲ್ಲಿಯೂ ಇಡುವುದು ಸೂಕ್ತ. ಪಶ್ಚಿಮದ ಗೋಡೆ ಬೇಸಿಗೆಯ ಇಳಿಹೊತ್ತಿನ ಬಿಸಿಲಿಗೆ ಕಾದು ರಾತ್ರಿಯವರೆಗೂ ಶಾಖ ಸೂಸುತ್ತದೆ. ಅಲ್ಲಿ ಕಾಗದದ ಹೂ, ಮರುಭೂಮಿ ಗುಲಾಬಿಯಂತಹ ಗಟ್ಟಿ ಗಿಡಗಳು ಮಾತ್ರ ಉಳಿಯುತ್ತವೆ.

ನೀರಿನ ಲೆಕ್ಕ

ಬಾಯಿಯ ವ್ಯಾಸ 12 ಅಂಗುಲವಿರುವ ಕುಂಡದ ಮೇಲ್ಮೈ ವಿಸ್ತೀರ್ಣ ಸುಮಾರು 0.07 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆಯಾದರೆ ಅದರೊಳಗೆ ನೇರವಾಗಿ ಬೀಳುವ ನೀರು ಕೇವಲ 35 ಲೀಟರ್, ಅಂದರೆ ಎರಡು–ಮೂರು ಬಕೆಟ್ ಮಾತ್ರ. ಇಂತಹ ಕುಂಡಕ್ಕೆ ದಿನಕ್ಕೆ ಸರಾಸರಿ 1 ಲೀಟರ್ ನೀರು ಹಾಕಿದರೂ ವರ್ಷಕ್ಕೆ 365 ಲೀಟರ್ ಬೇಕು. ನೆಲದ ಗಿಡದ ಬೇರು ಆಳಕ್ಕೆ ಇಳಿದು ತೇವ ಹುಡುಕಬಲ್ಲದು. ಕುಂಡದ ಗಿಡಕ್ಕೆ ಆ ಅವಕಾಶವಿಲ್ಲ. ಆದ್ದರಿಂದ ಮಳೆಗಾಲದಲ್ಲಿಯೂ ಕುಂಡಗಳನ್ನು ಮಳೆಗೆ ಬಿಟ್ಟು ಸುಮ್ಮನಿರುವಂತಿಲ್ಲ.

ಇದೇ ಮಳೆ ಮಾಳಿಗೆಯ ಮೇಲೆ ಬಿದ್ದಾಗ ಲೆಕ್ಕ ಬದಲಾಗುತ್ತದೆ. 50 ಚದರ ಮೀಟರ್ ಮಾಳಿಗೆಯ ಮೇಲೆ 500 ಮಿ.ಮೀ. ಮಳೆ ಬಿದ್ದರೆ 25,000 ಲೀಟರ್ ಆಗುತ್ತದೆ. ಐದನೆಯ ಒಂದು ಭಾಗ ವ್ಯರ್ಥವಾದರೂ 20,000 ಲೀಟರ್ ಉಳಿಯುತ್ತದೆ. ಐದು ಕುಂಡಗಳ ವರ್ಷದ ಅಗತ್ಯ ಮೇಲಿನ ಲೆಕ್ಕದಂತೆ 2,000 ಲೀಟರಿಗೂ ಕಡಿಮೆ. ಹಿಂಗಾರು ಮಳೆಯಲ್ಲಿ ತುಂಬಿದ 1,000 ಲೀಟರಿನ ಒಂದು ತೊಟ್ಟಿಯು ದಿನಕ್ಕೆ 5 ಲೀಟರಿನಂತೆ ಬಳಸಿದರೆ 200 ದಿನಗಳಿಗೆ, ಅಂದರೆ ನವೆಂಬರ್‌ನಿಂದ ಮೇ ತಿಂಗಳವರೆಗೆ ಸಾಕಾಗುತ್ತದೆ. ಕುಡಿಯುವ ನೀರಿಗೇ ಅಭಾವವಿರುವ ಬರಗಾಲದಲ್ಲಿ ಹೂಗಿಡಗಳನ್ನು ಉಳಿಸಿಕೊಳ್ಳಲು ಇದು ನ್ಯಾಯವಾದ ದಾರಿ. ಕುಂಡಗಳ ಸಂಖ್ಯೆಯನ್ನು ತೊಟ್ಟಿಯ ಗಾತ್ರಕ್ಕೆ ತಕ್ಕಂತೆ ನಿರ್ಧರಿಸಬೇಕೇ ಹೊರತು ಜಾಗದ ಗಾತ್ರಕ್ಕೆ ತಕ್ಕಂತೆ ಅಲ್ಲ.

ತರಕಾರಿ, ಅಕ್ಕಿ ಮತ್ತು ಬೇಳೆ ತೊಳೆದ ನೀರನ್ನು ನೇರವಾಗಿ ಬಳಸಬಹುದು. ಉಪ್ಪು ಹಾಕಿ ಬೇಯಿಸಿದ ನೀರು ಮತ್ತು ಬಟ್ಟೆ ಸೋಪಿನ ನೀರು ಕುಂಡಕ್ಕೆ ಯೋಗ್ಯವಲ್ಲ.

ನೀರಿನ ಗುಣ

ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ಕರಗಿದ ಲವಣಗಳು ಹೆಚ್ಚಿವೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಗಿಡಗಳಲ್ಲಿಯೂ ಕೆಲವು ಫ್ಲೋರೈಡನ್ನು ಸಹಿಸುವುದಿಲ್ಲ. ಮನೆಯೊಳಗಿನ ಅಲಂಕಾರಕ್ಕೆ ಬಳಸುವ ಡ್ರಸೀನಾ, ಕಾರ್ಡಿಲೈನ್ ಮತ್ತು ಸ್ಪೈಡರ್ ಗಿಡಗಳ ಎಲೆತುದಿ ಕಂದುಬಣ್ಣಕ್ಕೆ ತಿರುಗಿ ಒಣಗಲು ಇದು ಒಂದು ಪ್ರಮುಖ ಕಾರಣ. ಇದನ್ನು ನೀರಿನ ಕೊರತೆಯೆಂದು ತಿಳಿದು ಅದೇ ಕೊಳವೆಬಾವಿಯ ನೀರನ್ನು ಇನ್ನಷ್ಟು ಹಾಕಿದರೆ ತೊಂದರೆ ಹೆಚ್ಚುತ್ತದೆ. ಇಂತಹ ಗಿಡಗಳಿಗೆ ಮಳೆನೀರನ್ನೇ ಮೀಸಲಿಡಬೇಕು. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಫ್ಲೋರೈಡ್ ಇರುವುದರಿಂದ ಅವುಗಳಿಗೆ ಅದನ್ನು ಬಳಸಬಾರದು.

ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಮತ್ತು ಮನೆಯ ಆರ್‌ಒ ಯಂತ್ರಗಳಲ್ಲಿ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣಗಳು ಮೂಲ ನೀರಿಗಿಂತ ಸಾಂದ್ರವಾಗಿರುತ್ತವೆ. ಅದನ್ನು ನೆಲ ತೊಳೆಯಲು ಬಳಸುವುದು ಲೇಸು. ಕುಂಡಗಳಿಗೆ ನಿತ್ಯ ಹಾಕಿದರೆ ಮಣ್ಣು ಕ್ರಮೇಣ ಉಪ್ಪಾಗುತ್ತದೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಮತ್ತು ಅಂಚಿನಲ್ಲಿ ಕಾಣುವ ಬಿಳಿ ಪೊರೆ ಲವಣ ಸಂಗ್ರಹದ ಗುರುತು. ಹಸ್ತ–ಚಿತ್ತೆ ಮಳೆಗಳಲ್ಲಿ ಕುಂಡಗಳನ್ನು ಸೂರಿನ ನೀರು ಬೀಳುವ ಕಡೆ ಒಂದೆರಡು ಗಂಟೆ ಇರಿಸಿ, ತಳದ ತೂತಿನಿಂದ ನೀರು ಧಾರಾಳವಾಗಿ ಹರಿದುಹೋಗುವಂತೆ ಮಾಡಿದರೆ ವರ್ಷವಿಡೀ ಕೂಡಿದ ಉಪ್ಪು ತೊಳೆದುಹೋಗುತ್ತದೆ.

ಪಾತ್ರೆಗಳು

ಮಣ್ಣಿನ ಕುಂಡ: ಗೋಡೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುವುದರಿಂದ ಬೇರು ತಂಪಾಗಿರುತ್ತದೆ. ಆದರೆ ಅದೇ ಕಾರಣದಿಂದ ಬೇಗ ಒಣಗುತ್ತದೆ. 8 ಅಂಗುಲಕ್ಕಿಂತ ಚಿಕ್ಕ ಮಣ್ಣಿನ ಕುಂಡಗಳು ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ನೀರು ಬೇಡುವುದುಂಟು.

ಎಣ್ಣೆ ಡಬ್ಬಿ: 15 ಕಿಲೋ ಎಣ್ಣೆಯ ಚೌಕ ಡಬ್ಬಿಯು ಸುಮಾರು 16 ಲೀಟರ್ ಮಣ್ಣು ಹಿಡಿಯುತ್ತದೆ ಮತ್ತು ಆಳವಾಗಿರುವುದರಿಂದ ತೇವ ಉಳಿಸಿಕೊಳ್ಳುತ್ತದೆ. ತಗಡು ಬಿಸಿಲಿಗೆ ಕಾಯುವುದರಿಂದ ಹೊರಮೈಗೆ ಸುಣ್ಣ ಬಳಿಯಬೇಕು ಅಥವಾ ಗೋಣಿಚೀಲ ಸುತ್ತಬೇಕು. ಒಳಗಿನ ಎಣ್ಣೆಯ ಜಿಡ್ಡನ್ನು ಸೀಗೆಪುಡಿ ಅಥವಾ ಬೂದಿಯಿಂದ ತೊಳೆದು ತಳದಲ್ಲಿ ಐದಾರು ತೂತು ಮಾಡಬೇಕು.

ಕಲ್ಲು ಬಾನಿ ಮತ್ತು ಸಿಮೆಂಟ್ ಕುಂಡ: ಭಾರವಾಗಿರುವುದರಿಂದ ಆಷಾಢದ ಗಾಳಿಗೆ ಉರುಳುವುದಿಲ್ಲ. ಮಾಳಿಗೆಯ ಮೇಲೆ ಇಡುವಾಗ ತೊಲೆ ಅಥವಾ ಗೋಡೆಯ ನೇರಕ್ಕೆ ಇಡಬೇಕು. ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ಇವನ್ನು ಇಡಬಾರದು.

ಹೂತ ಮಡಕೆ: ದೊಡ್ಡ ಬಾನಿಯ ನಡುವೆ ಸುಟ್ಟ ಮಣ್ಣಿನ ಚಿಕ್ಕ ಮಡಕೆಯೊಂದನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿದರೆ, ನೀರು ಮಡಕೆಯ ಗೋಡೆಯಿಂದ ನಿಧಾನವಾಗಿ ಜಿನುಗಿ ಬೇರಿಗೆ ತಲುಪುತ್ತದೆ. ಮೂರು–ನಾಲ್ಕು ದಿನ ಊರಿಗೆ ಹೋಗುವವರಿಗೆ ಇದು ಉಪಯುಕ್ತ.

ಮಣ್ಣು ಮತ್ತು ಗೊಬ್ಬರ

ಈ ಸೀಮೆಯಲ್ಲಿ ಮರಳುಮಿಶ್ರಿತ ಕೆಂಪು ಮಣ್ಣು ಹೆಚ್ಚು, ಕೆಲವೆಡೆ ಎರೆಮಣ್ಣಿದೆ. ಕೆಂಪು ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ; ಎರೆಮಣ್ಣು ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಬಿರುಕು ಬಿಡುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ಸೇರಿಸಿದ ಮಿಶ್ರಣ ಬಹುತೇಕ ಹೂಗಿಡಗಳಿಗೆ ಹೊಂದುತ್ತದೆ. ಕಳ್ಳಿ ಜಾತಿಯ ಗಿಡಗಳಿಗೆ ನಾರಿನ ಪುಡಿಯ ಬದಲು ದಪ್ಪ ಮರಳು ಬಳಸಬೇಕು. ಕುರಿ ಗೊಬ್ಬರವು ದನದ ಗೊಬ್ಬರಕ್ಕಿಂತ ಸತ್ವಯುತವಾದುದರಿಂದ ಅದನ್ನು ಪೂರ್ಣ ಕಳಿಸಿ, ಅರ್ಧ ಪ್ರಮಾಣದಲ್ಲಿ ಹಾಕಿದರೆ ಸಾಕು.

ಶೇಂಗಾ ಹಿಂಡಿಯಲ್ಲಿ ಸುಮಾರು 7%, ಬೇವಿನ ಹಿಂಡಿಯಲ್ಲಿ ಸುಮಾರು 5% ಸಾರಜನಕವಿದೆ. ಹಿಂಡಿಯನ್ನು ಮೂರು–ನಾಲ್ಕು ದಿನ ನೀರಿನಲ್ಲಿ ನೆನೆಸಿ, ತಿಳಿಯನ್ನು ಹತ್ತು ಪಾಲು ನೀರಿನೊಂದಿಗೆ ಬೆರೆಸಿ ಹದಿನೈದು ದಿನಗಳಿಗೊಮ್ಮೆ ಕೊಡಬಹುದು. ಹರಳು ಹಿಂಡಿಯು ದನ, ನಾಯಿಗಳಿಗೆ ವಿಷವಾಗಿರುವುದರಿಂದ ಅವುಗಳ ಓಡಾಟವಿರುವಲ್ಲಿ ಬಳಸಬಾರದು. ಮಣ್ಣಿನ ಮೇಲೆ ಎರಡು ಅಂಗುಲ ದಪ್ಪಕ್ಕೆ ಶೇಂಗಾ ಸಿಪ್ಪೆ ಹರಡಿದರೆ ಆವಿಯಾಗುವ ನೀರು ಗಣನೀಯವಾಗಿ ತಗ್ಗುತ್ತದೆ.

ಜೋಡಣೆಯ ತತ್ವಗಳು

ಒಂದೇ ಪಾತ್ರೆಯಲ್ಲಿ ಹಲವು ಗಿಡಗಳನ್ನು ಸೇರಿಸುವಾಗ ನಡುವೆ ಅಥವಾ ಹಿಂದೆ ಎತ್ತರದ ಗಿಡ, ಅದರ ಸುತ್ತ ಪೊದೆಯಾಗಿ ತುಂಬುವ ಗಿಡ, ಅಂಚಿನಲ್ಲಿ ಕೆಳಕ್ಕೆ ಇಳಿಬೀಳುವ ಬಳ್ಳಿ ಇರುವಂತೆ ನೆಡುವುದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಕ್ರಮ. ಗಿಡದ ಎತ್ತರವು ಸಾಮಾನ್ಯವಾಗಿ ಪಾತ್ರೆಯ ಎತ್ತರದ ಒಂದೂವರೆಯಿಂದ ಎರಡು ಪಟ್ಟು ಇದ್ದರೆ ನೋಟಕ್ಕೆ ಸಮತೋಲವಿರುತ್ತದೆ. ಗಾಳಿಗೆ ತೆರೆದ ಮಾಳಿಗೆಯಲ್ಲಿ ಇದನ್ನು ಒಂದು ಪಟ್ಟಿಗೆ ಇಳಿಸಬೇಕು.

ಒಣಸೀಮೆಯಲ್ಲಿ ಇದಕ್ಕೆ ಇನ್ನೆರಡು ನಿಯಮಗಳು ಸೇರುತ್ತವೆ. ಮೊದಲನೆಯದು, ಒಂದು ಪಾತ್ರೆಯಲ್ಲಿರುವ ಎಲ್ಲ ಗಿಡಗಳ ನೀರಿನ ಅಗತ್ಯ ಒಂದೇ ಆಗಿರಬೇಕು. ಕರ್ಣಕುಂಡಲ ಮತ್ತು ಮರುಭೂಮಿ ಗುಲಾಬಿಯನ್ನು ಒಟ್ಟಿಗೆ ನೆಟ್ಟರೆ ಒಂದು ಬಾಡುತ್ತದೆ ಅಥವಾ ಇನ್ನೊಂದು ಕೊಳೆಯುತ್ತದೆ. ಎರಡನೆಯದು, ಪಾತ್ರೆಯ ಮುಕ್ಕಾಲು ಭಾಗ ವರ್ಷವಿಡೀ ಉಳಿಯುವ ಬರನಿರೋಧಕ ಮೂಲಗಿಡಗಳಿಗೆ, ಕಾಲು ಭಾಗ ಮಾತ್ರ ಋತುವಿನ ಹೂಗಿಡಗಳಿಗೆ ಮೀಸಲಾಗಿರಬೇಕು. ಮೂಲಗಿಡ ನೆಡುವಾಗಲೇ ಒಂದೆರಡು ಖಾಲಿ ಚಿಕ್ಕ ಕುಂಡಗಳನ್ನು ಮಣ್ಣಿನಲ್ಲಿ ಹೂತಿಟ್ಟರೆ, ಅದೇ ಅಳತೆಯ ಕುಂಡದಲ್ಲಿ ಬೆಳೆದ ಹೂಗಿಡವನ್ನು ಅವುಗಳೊಳಗೆ ಇಳಿಸಬಹುದು. ಹೂವು ಮುಗಿದಾಗ ಅದನ್ನು ಎತ್ತಿ ಮುಂದಿನ ಋತುವಿನ ಗಿಡ ಇಡುವುದರಿಂದ ಮೂಲಗಿಡದ ಬೇರಿಗೆ ಧಕ್ಕೆಯಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಋತುವಿನ ಗಿಡಗಳನ್ನು ಕೈಬಿಟ್ಟರೂ ಅಂಗಳ ಬರಿದಾಗುವುದಿಲ್ಲ.

ಮೂಲಗಿಡಗಳಾಗಿ ಕಾಗದದ ಹೂ, ಮರುಭೂಮಿ ಗುಲಾಬಿ, ಲೋಳೆಸರ, ಮಂಗರವಳ್ಳಿ, ನಿತ್ಯಪುಷ್ಪ ಮತ್ತು ಕನಕಾಂಬರ ಸೂಕ್ತ. ಬಯಲಿನಲ್ಲಿ ತಾನಾಗಿ ಬೆಳೆಯುವ, ಹಳದಿ ಹೂವಿನ ತಂಗಡಿ ಗಿಡವನ್ನು ಸವರಿ ದೊಡ್ಡ ಡಬ್ಬಿಯಲ್ಲಿ ಪೊದೆಯಾಗಿ ಬೆಳೆಸಬಹುದು. ನೆಲಕ್ಕೆ ಹಬ್ಬುವ, ನೀಲಿ ಹೂವಿನ ವಿಷ್ಣುಕಾಂತಿಯು ಅಂಚಿನಿಂದ ಇಳಿಬೀಳಲು ಯೋಗ್ಯ. ಇವುಗಳನ್ನು ಅಮೃತಮಹಲ್ ಕಾವಲು ಅಥವಾ ಗುಡ್ಡಗಳಿಂದ ಬೇರುಸಹಿತ ಕಿತ್ತು ತರದೆ ಬೀಜದಿಂದ ಬೆಳೆಸಬೇಕು. ಕಿತ್ತ ಗಿಡ ಬದುಕುವುದೂ ಅಪರೂಪ.

ಋತುವಾರು ಜೋಡಣೆ

ಬೇಸಿಗೆ, ಮಾರ್ಚ್‌ನಿಂದ ಮೇ: ಈ ಕಾಲದ ಪ್ರಧಾನ ಹೂಗಳು ಕಾಗದದ ಹೂ, ಮರುಭೂಮಿ ಗುಲಾಬಿ ಮತ್ತು ದುಂಡು ಮಲ್ಲಿಗೆ. ನೀರು ಸ್ವಲ್ಪ ಕಡಿಮೆಯಾದಾಗಲೇ ಕಾಗದದ ಹೂ ಹೆಚ್ಚು ಬಿಡುತ್ತದೆ. ನವೆಂಬರ್ ಕೊನೆಯಲ್ಲಿ ಸವರಿದ ದುಂಡು ಮಲ್ಲಿಗೆಯು ಮಾರ್ಚ್‌ನಿಂದ ಮೊಗ್ಗು ಬಿಡತೊಡಗುತ್ತದೆ. ನಡುವೆ ಮರುಭೂಮಿ ಗುಲಾಬಿ, ಸುತ್ತ ಹತ್ತು ಗಂಟೆ ಹೂವು ಇರುವ ಅಗಲವಾದ ಬಾನಿಯು ಪೂರ್ಣ ಬಿಸಿಲಿನಲ್ಲಿ ಅತಿ ಕಡಿಮೆ ನೀರಿನಿಂದ ನಿಲ್ಲುವ ಜೋಡಣೆ. ಉಳಿದ ಕುಂಡಗಳನ್ನು ಒತ್ತೊತ್ತಾಗಿ ಗುಂಪುಗೂಡಿಸಿ, 50% ನೆರಳು ಬಲೆಯ ಕೆಳಗೆ ಇಟ್ಟರೆ ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ. ನೀರನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಹಾಕಬೇಕು. ಈ ಕಾಲದಲ್ಲಿ ಕುಂಡ ಬದಲಿಸಬಾರದು.

ಮುಂಗಾರು, ಜೂನ್‌ನಿಂದ ಆಗಸ್ಟ್: ಮೋಡದಿಂದಾಗಿ ಬಿಸಿಲು ತಗ್ಗುತ್ತದೆ, ಆದರೆ ಗಾಳಿ ಮಣ್ಣನ್ನು ಒಣಗಿಸುತ್ತದೆ. ಮಳೆ ಬಂದಂತೆ ಕಂಡರೂ ಬೆರಳನ್ನು ಮಣ್ಣಿನಲ್ಲಿ ಎರಡು ಅಂಗುಲ ಇಳಿಸಿ ತೇವ ನೋಡಿಯೇ ನಿರ್ಧರಿಸಬೇಕು. ಕುಂಡ ಬದಲಿಸಲು, ಕಡ್ಡಿ ನೆಡಲು ಇದು ಒಳ್ಳೆಯ ಸಮಯ. ಕೋಳಿಜುಟ್ಟು, ಜೀನಿಯಾ, ಕರ್ಣಕುಂಡಲ ಈ ಕಾಲದ ಹೂಗಳು. ಸೇವಂತಿಗೆಯ ಕಂದುಗಳನ್ನು ಜೂನ್–ಜುಲೈನಲ್ಲಿ ನೆಟ್ಟು, ನಾಲ್ಕು ವಾರಗಳ ನಂತರ ತುದಿ ಚಿವುಟಿದರೆ ಕವಲು ಹೆಚ್ಚುತ್ತದೆ. ಚೆಂಡು ಹೂವು ಬಿತ್ತಿದ ಸುಮಾರು ಎರಡು ತಿಂಗಳಿಗೆ ಅರಳುವುದರಿಂದ ಪುಷ್ಯ ಮಳೆಯಲ್ಲಿ, ಅಂದರೆ ಜುಲೈ ಕೊನೆಯಲ್ಲಿ ಬಿತ್ತಿದ್ದು ದಸರಾ ವೇಳೆಗೂ, ಆಗಸ್ಟ್ ಕೊನೆಯಲ್ಲಿ ಬಿತ್ತಿದ್ದು ದೀಪಾವಳಿಗೂ ಒದಗುತ್ತದೆ.

ಹಿಂಗಾರು, ಸೆಪ್ಟೆಂಬರ್‌ನಿಂದ ನವೆಂಬರ್: ವರ್ಷದ ಅತಿ ಸಮೃದ್ಧ ಕಾಲ. ಚೆಂಡು ಹೂವು ಮತ್ತು ಕೋಳಿಜುಟ್ಟು ಒಟ್ಟಿಗೆ ಅರಳುತ್ತವೆ. ಮಳೆ ಲಿಲ್ಲಿಯ ಗಡ್ಡೆಗಳು ಒಂದು ಹದ ಮಳೆಯ ಕೆಲವೇ ದಿನಗಳಲ್ಲಿ ಹೂ ತಳೆಯುತ್ತವೆ. ಕೇಸರಿ ಚೆಂಡು ಹೂವಿನ ಪಕ್ಕದಲ್ಲಿ ಕೆಂಪು ಕೋಳಿಜುಟ್ಟು, ಅಂಚಿನಲ್ಲಿ ನೀಲಿ ವಿಷ್ಣುಕಾಂತಿ ಇರುವ ಡಬ್ಬಿ ಹಬ್ಬದ ಜಗಲಿಗೆ ಒಪ್ಪುತ್ತದೆ. ತಳದ ತೂತು ಮುಚ್ಚಿಹೋಗದಂತೆ ಕುಂಡವನ್ನು ಇಟ್ಟಿಗೆ ಚೂರಿನ ಮೇಲೆ ಎತ್ತಿಡಬೇಕು. ಕಳ್ಳಿ, ಮರುಭೂಮಿ ಗುಲಾಬಿಗಳನ್ನು ಸೂರಿನ ಕೆಳಗೆ ಸರಿಸಬೇಕು. ಉಪ್ಪು ತೊಳೆಯುವ ಮತ್ತು ತೊಟ್ಟಿ ತುಂಬಿಸುವ ಕೆಲಸ ಈ ಕಾಲದ್ದು.

ಚಳಿಗಾಲ, ಡಿಸೆಂಬರ್‌ನಿಂದ ಫೆಬ್ರವರಿ: ಸೇವಂತಿಗೆಯು ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ. ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಕಡೆ ಇಟ್ಟರೆ ಮೊಗ್ಗು ತಡವಾಗುತ್ತದೆ. ಪೆಟೂನಿಯಾ, ಡಯಾಂಥಸ್ ಮತ್ತು ಡೇರೆ ಹೂಗಳನ್ನು ಈ ಸೀಮೆಯಲ್ಲಿ ನೆಮ್ಮದಿಯಿಂದ ಬೆಳೆಸಬಹುದಾದ ಕಾಲವೂ ಇದೇ. ಗೊರಟೆಯು ಕಡಿಮೆ ಆರೈಕೆಯಲ್ಲಿ ಹೂ ಕೊಡುತ್ತದೆ. ಹೂಗಳ ನಡುವೆ ಕೊತ್ತಂಬರಿ, ಮೆಂತ್ಯ, ದವನ ಬೆಳೆದರೆ ಪರಿಮಳವೂ ಅಡುಗೆಗೆ ಸೊಪ್ಪೂ ದೊರೆಯುತ್ತವೆ. ಹೂವು ಮುಗಿದ ಸೇವಂತಿಗೆಯನ್ನು ಬುಡದಿಂದ ನಾಲ್ಕು ಅಂಗುಲ ಬಿಟ್ಟು ಕತ್ತರಿಸಿ, ಬೇಸಿಗೆಯುದ್ದಕ್ಕೂ ನೆರಳಿನಲ್ಲಿ ಉಳಿಸಿಕೊಂಡರೆ ಮುಂದಿನ ಮುಂಗಾರಿಗೆ ಕಂದುಗಳು ಸಿಗುತ್ತವೆ.

ಕೀಟ, ರೋಗ ಮತ್ತು ಎಚ್ಚರಿಕೆ

ಬೇಸಿಗೆಯ ಒಣಹವೆಯಲ್ಲಿ ಕೆಂಪು ಜೇಡ ನುಸಿ ಮತ್ತು ಹಿಟ್ಟು ತಿಗಣೆ ಹೆಚ್ಚುತ್ತವೆ. ಎಲೆಯ ಅಡಿಭಾಗಕ್ಕೆ ನೀರು ಚಿಮುಕಿಸುವುದು ಮತ್ತು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಹಾಗೂ ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸುವುದು ಆರಂಭದ ಹಂತದಲ್ಲಿ ಸಾಕಾಗುತ್ತದೆ. ಹಿಂಗಾರಿನಲ್ಲಿ ಬುಡ ಕೊಳೆ ಕಾಣಿಸಿದರೆ ನೀರು ನಿಲ್ಲಿಸಿ ಮಣ್ಣು ಬದಲಿಸಬೇಕು.

ಕಣಗಿಲೆ, ಮರುಭೂಮಿ ಗುಲಾಬಿ ಮತ್ತು ಕಳ್ಳಿಯ ಹಾಲು ವಿಷಕಾರಿ. ಅಗ್ನಿಶಿಖೆ ಬಳ್ಳಿಯು ಮಳೆಗಾಲದಲ್ಲಿ ಬಹು ಸುಂದರವಾಗಿ ಅರಳುವುದಾದರೂ ಅದರ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಪ್ರಾಣಾಪಾಯಕಾರಿ. ಚಿಕ್ಕ ಮಕ್ಕಳು ಹಾಗೂ ಸಾಕುಪ್ರಾಣಿಗಳಿರುವ ಮನೆಯಲ್ಲಿ ಇವುಗಳನ್ನು ಕೈಗೆಟುಕದಂತೆ ಇಡಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗಳ ತಾಣವಾಗುವುದರಿಂದ ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದು ಮಾಡಿ ಉಜ್ಜಬೇಕು. ಮಳೆನೀರಿನ ತೊಟ್ಟಿಗೆ ಬಿಗಿಯಾದ ಮುಚ್ಚಳ ಅಥವಾ ಸಣ್ಣ ಕಣ್ಣಿನ ಬಲೆ ಇರಬೇಕು.

ಮಾರ್ಗದರ್ಶನ

ಹಿರಿಯೂರು ಸಮೀಪದ ಬಬ್ಬೂರು ಫಾರಂನಲ್ಲಿರುವ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವು ಈ ಒಣವಲಯದ ಬೆಳೆಗಳ ಅಧ್ಯಯನ ನಡೆಸುತ್ತದೆ. ತಾಲ್ಲೂಕು ಮಟ್ಟದಲ್ಲಿ ತೋಟಗಾರಿಕೆ ಇಲಾಖೆಯ ಕಚೇರಿಗಳಿವೆ. ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ನಂತರ ಗಿಡಗಳನ್ನು ಆರಿಸುವುದು ಈ ಸೀಮೆಯಲ್ಲಿ ಕುಂಡ ತೋಟ ಆರಂಭಿಸುವವರಿಗೆ ಅನುಕೂಲಕರ. ಕುಡಿಯುವ ನೀರಿನ ದೃಷ್ಟಿಯಿಂದಲೂ ಆ ಪರೀಕ್ಷೆ ಮನೆಯವರಿಗೆ ಉಪಯೋಗಕ್ಕೆ ಬರುತ್ತದೆ.